ಓದುಗರ ಪ್ರಶ್ನೆ: ಹಕ್ಕಿ ನೋಡುವವರ ಸಂಘಕ್ಕೆ ಬೈಲಾ ಹೇಗಿರಬೇಕು?

ಸಂಘ ಸಂಸ್ಥೆಗಳ ನಡವಳಿಯ ಬಗೆಗಿನ ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವುದು ಮಹಿಳಾ ಮಂಡಳಿ, ಯುವಕ ಸಂಘ, ದೇವಸ್ಥಾನ ಸಮಿತಿಗಳವರ ಪತ್ರಗಳು. ಕಳೆದ ಸಂಚಿಕೆಯಲ್ಲಿ ಪಕ್ಷಿ ವೀಕ್ಷಕರ ಸಂಘವೊಂದರ ನೋಂದಣಿಯ ಬಗ್ಗೆ ಎರಡು ಸಾಲು ಬರೆದದ್ದೇ ನೆಪವಾಗಿ, ಬೇರೆ ಬೇರೆ ಜಿಲ್ಲೆಗಳ ಹಕ್ಕಿಪ್ರಿಯರಿಂದ ಸಾಲಾಗಿ ಪತ್ರಗಳು ಬಂದಿವೆ. ಅವುಗಳಲ್ಲಿ ಆಯ್ದವನ್ನು ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಹನ್ನೆರಡು ಮಂದಿ ಹಲವು ವರ್ಷಗಳಿಂದ ಪ್ರತಿ ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೋಗಿ ಪಟ್ಟೆತಲೆ ಹೆಬ್ಬಾತುಗಳನ್ನು ಎಣಿಸುತ್ತ ಬಂದಿದ್ದೇವೆ. ಸುತ್ತಲಿನ ಶಾಲೆಗಳ ಮಕ್ಕಳನ್ನೂ ಕರೆದೊಯ್ಯುತ್ತೇವೆ. ಖರ್ಚಿನ ಹಣವೆಲ್ಲ ಒಬ್ಬ ಗೆಳೆಯರ ಸ್ವಂತ ಖಾತೆಯಲ್ಲಿದೆ. ಈಗ ನೋಂದಣಿ ಮಾಡಿಸಬೇಕೆಂದಿದ್ದೇವೆ. ಟ್ರಸ್ಟ್ ಮಾಡುವುದೋ, ಸಂಘ ಮಾಡುವುದೋ? ಟೈಪಿಂಗ್ ಅಂಗಡಿಯವರು ಸಿದ್ಧ ಬೈಲಾ ಒಂದನ್ನು ಕೊಟ್ಟಿದ್ದಾರೆ. ಹೆಸರು ಬದಲಿಸಿ ಸಲ್ಲಿಸಿದರೆ ಸಾಲದೇ?
— ಒಬ್ಬ ಶಿಕ್ಷಕರು, ಗದಗ ಜಿಲ್ಲೆ

ಉತ್ತರ: ನೀವು ಪತ್ರದ ಜೊತೆಗೆ ಕಳಿಸಿದ ಆ ಸಿದ್ಧ ಬೈಲಾವನ್ನು ಓದಿದೆ. ಅದರ ಉದ್ದೇಶಗಳಲ್ಲಿ ಗಣೇಶೋತ್ಸವ ಆಚರಿಸುವುದು, ಹೊಲಿಗೆ ತರಬೇತಿ ನೀಡುವುದು, ಕಬಡ್ಡಿ ಪಂದ್ಯಾವಳಿ ಏರ್ಪಡಿಸುವುದು ಎಲ್ಲವೂ ಇವೆ. ಹಕ್ಕಿ ಎಂಬ ಮಾತು ಮಾತ್ರ ಶೀರ್ಷಿಕೆಯ ಹೊರತು ಎಲ್ಲಿಯೂ ಇಲ್ಲ. ಇದು ನಗುವ ವಿಷಯವೇ ಆದರೂ, ಮುಂದೆ ನಿಮ್ಮ ಖಜಾಂಚಿ ಟೆಲಿಸ್ಕೋಪ್ ಕೊಳ್ಳಲು ಹಣ ತೆಗೆದಾಗ ಅದು ಸಂಘದ ಉದ್ದೇಶಕ್ಕೆ ಸೇರಿದ ಖರ್ಚೇ ಎಂದು ಯಾರಾದರೂ ತಕರಾರು ಎತ್ತಿದರೆ ನಗು ನಿಲ್ಲುತ್ತದೆ.

ಮೊದಲು ಟ್ರಸ್ಟೋ ಸಂಘವೋ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳೋಣ. ಟ್ರಸ್ಟ್ ಎಂದರೆ ಒಬ್ಬರು ಅಥವಾ ಕೆಲವರು ಒಂದಿಷ್ಟು ಹಣವನ್ನೋ ಆಸ್ತಿಯನ್ನೋ ಒಂದು ಉದ್ದೇಶಕ್ಕೆ ಒಪ್ಪಿಸಿ, ಅದನ್ನು ನೋಡಿಕೊಳ್ಳಲು ಟ್ರಸ್ಟಿಗಳನ್ನು ನೇಮಿಸಿ, ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ಪತ್ರ ಮಾಡಿಸುವ ವ್ಯವಸ್ಥೆ. ಅಲ್ಲಿ ಸದಸ್ಯರ ಮತಕ್ಕೆ ಸಾಮಾನ್ಯವಾಗಿ ಜಾಗವಿಲ್ಲ. ಹನ್ನೆರಡು ಜನ ಸಮಾನವಾಗಿ ದುಡಿದು ಕಟ್ಟಿದ ಗುಂಪಿಗೆ, ಮುಂದೆ ಇನ್ನಷ್ಟು ಜನ ಸೇರಲಿ ಎಂದು ಬಯಸುವ ಗುಂಪಿಗೆ ಒಪ್ಪುವುದು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯ ಸಂಘವೇ. ಅದಕ್ಕೆ ಕನಿಷ್ಠ ಏಳು ಮಂದಿ ವಯಸ್ಕರ ಸಹಿ ಬೇಕು. ಎರಡು ಕಾಗದ ಸಿದ್ಧವಾಗಬೇಕು: ಸಂಘದ ಹೆಸರು, ವಿಳಾಸ, ಉದ್ದೇಶ ಮತ್ತು ಮೊದಲ ಸಮಿತಿಯ ವಿವರಗಳಿರುವ ಮೆಮೊರಾಂಡಂ ಒಂದು, ಸಂಘ ದಿನನಿತ್ಯ ನಡೆಯುವ ರೀತಿಯನ್ನು ಹೇಳುವ ನಿಯಮಾವಳಿ, ಅಂದರೆ ನಾವೆಲ್ಲ ಬೈಲಾ ಎನ್ನುವುದು, ಇನ್ನೊಂದು. ಇವನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಯವರಿಗೆ ಸಲ್ಲಿಸಬೇಕು. ನಮ್ಮಲ್ಲಿ ಈ ಕೆಲಸ ಸಹಕಾರ ಇಲಾಖೆಯ ಕಡೆಯದು.

ಉದ್ದೇಶದ ಪರಿಚ್ಛೇದವನ್ನು ಬರೆಯುವ ಮುನ್ನ ನಿಮ್ಮ ಹನ್ನೆರಡು ಜನ ಕುಳಿತು ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು: ನಾವು ಸೇರುತ್ತಿರುವುದು ನಮ್ಮ ಸಂತೋಷಕ್ಕೋ, ಹಕ್ಕಿಗಳ ಮತ್ತು ಊರಿನ ಹಿತಕ್ಕೋ? ಭಾನುವಾರ ಬೆಳಿಗ್ಗೆ ಜೊತೆಯಾಗಿ ಹೋಗಿ ಹಕ್ಕಿ ನೋಡಿ ಇಡ್ಲಿ ತಿಂದು ಬರುವುದಷ್ಟೇ ಉದ್ದೇಶವಾದರೆ ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅದು ಕ್ಲಬ್. ಅದಕ್ಕೆ ಸಾರ್ವಜನಿಕರ ದೇಣಿಗೆ ಕೇಳುವುದಾಗಲಿ, ತೆರಿಗೆ ವಿನಾಯಿತಿ ಬಯಸುವುದಾಗಲಿ ಸರಿಯಲ್ಲ. ಆದಾಯ ತೆರಿಗೆ ಕಾನೂನು ಧರ್ಮಾರ್ಥ ಉದ್ದೇಶಗಳನ್ನು ಹೆಸರಿಸುವಾಗ ಬಡವರ ನೆರವು, ಶಿಕ್ಷಣ, ವೈದ್ಯಕೀಯ ನೆರವುಗಳ ಜೊತೆಗೆ ಜಲಾನಯನ ಪ್ರದೇಶ, ಅರಣ್ಯ ಮತ್ತು ವನ್ಯಜೀವಿಗಳೂ ಸೇರಿದಂತೆ ಪರಿಸರ ಸಂರಕ್ಷಣೆಯನ್ನು ಪ್ರತ್ಯೇಕವಾಗಿ ಹೇಳಿದೆ. ಆದ್ದರಿಂದ ನಿಮ್ಮ ಮೊದಲ ಉದ್ದೇಶ ಈ ಮಾತುಗಳಿಗೆ ಹತ್ತಿರವಾಗಿರಲಿ. ಅದರ ಕೆಳಗೆ ನೀವು ನಿಜವಾಗಿ ಮಾಡುತ್ತಿರುವುದನ್ನು ಬರೆಯಿರಿ: ಕೆರೆಗಳಲ್ಲಿ ನೀರುಹಕ್ಕಿಗಳ ಗಣತಿ, ಅದರ ದಾಖಲೆಗಳನ್ನು ಕಾಪಾಡಿ ಸಾರ್ವಜನಿಕರಿಗೆ ಒದಗಿಸುವುದು, ಶಾಲಾ ಮಕ್ಕಳಿಗೆ ಪಕ್ಷಿ ಪರಿಚಯ, ಕೆರೆಯ ಸುತ್ತಲಿನ ರೈತರೊಂದಿಗೆ ಸಂವಾದ. ಕೊನೆಯದನ್ನು ಮರೆಯಬೇಡಿ. ಹಗಲು ನೀರಿನಲ್ಲಿ ವಿಶ್ರಮಿಸುವ ಹೆಬ್ಬಾತುಗಳು ಕತ್ತಲಾದ ಮೇಲೆ ಮೇಯಲು ಹೋಗುವುದು ಅದೇ ರೈತರ ಹೊಲಗಳಿಗೆ. 2024ರಲ್ಲಿ ಮಾಗಡಿ ಕೆರೆಗೆ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮನ್ನಣೆ ಸಿಕ್ಕಿದ್ದರ ಹಿಂದೆ ಅವರ ಸಹನೆಯ ಪಾಲೂ ಇದೆ ಎಂಬುದು ನನ್ನ ಅಭಿಪ್ರಾಯ. ಆದರೆ "ಕೆರೆಯನ್ನು ನಿರ್ವಹಿಸುವುದು", "ಬೇಟೆಗಾರರ ಮೇಲೆ ಕ್ರಮ ಜರುಗಿಸುವುದು" ಎಂಬಂಥ ಮಾತುಗಳನ್ನು ಬರೆಯಬೇಡಿ. ಅವು ಅರಣ್ಯ ಇಲಾಖೆಯ ಮತ್ತು ಸ್ಥಳೀಯ ಆಡಳಿತದ ಅಧಿಕಾರಗಳು. ಸಂಘ ಮಾಹಿತಿ ಕೊಡಬಹುದು, ಮನವಿ ಸಲ್ಲಿಸಬಹುದು, ಅಷ್ಟೇ.

ಬೈಲಾದ ಉಳಿದ ಭಾಗದಲ್ಲಿ ಅಲಂಕಾರ ಬೇಡ. ಸಮಿತಿ ಏಳೋ ಒಂಬತ್ತೋ ಜನರದಿರಲಿ. ಅವಧಿ ಎರಡು ವರ್ಷವಿದ್ದು, ಒಂದೇ ಹುದ್ದೆಯಲ್ಲಿ ಒಬ್ಬರು ಸತತ ಎರಡು ಅವಧಿಗಿಂತ ಹೆಚ್ಚು ಇರದಂತೆ ಮಿತಿ ಇರಲಿ. ಬ್ಯಾಂಕಿನಲ್ಲಿ ಸಂಘದ ಹೆಸರಿನ ಖಾತೆ ತೆರೆದು, ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಈ ಮೂವರಲ್ಲಿ ಯಾರಾದರೂ ಇಬ್ಬರ ಸಹಿಯಿಂದ ಹಣ ತೆಗೆಯುವಂತಿರಲಿ. ವಾರ್ಷಿಕ ಮಹಾಸಭೆ ಪ್ರತಿ ವರ್ಷವೂ ನಡೆಯಲೇಬೇಕು, ಸಭೆಯಾದ ಹದಿನಾಲ್ಕು ದಿನಗಳೊಳಗೆ ಸಮಿತಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಯವರಿಗೆ ಸಲ್ಲಿಸಬೇಕು. ಹೆಚ್ಚಿನ ಸಂಘಗಳು ಎಡವುವುದು ಇಲ್ಲಿಯೇ. ನಾನು ಲೆಕ್ಕ ನೋಡಿಕೊಟ್ಟ ಒಂದು ನಿಸರ್ಗ ಸಂಘದವರು ನೋಂದಣಿ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮೇಲೆ ಒಂಬತ್ತು ವರ್ಷ ಒಂದು ಕಾಗದವನ್ನೂ ಸಲ್ಲಿಸಿರಲಿಲ್ಲ. ಸಂಘ ಮುಚ್ಚುವ ಸಂದರ್ಭ ಬಂದರೆ ಉಳಿದ ಆಸ್ತಿ ಸದಸ್ಯರಿಗೆ ಹಂಚಿಕೆಯಾಗದೆ ಇಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕೆಂಬ ಮಾತನ್ನು ಕೊನೆಯಲ್ಲಿ ಸೇರಿಸಿ. ಗೆಳೆಯರ ಖಾತೆಯಲ್ಲಿರುವ ಹಣವನ್ನು ಮೊದಲ ಸಮಿತಿ ಸಭೆಯ ನಡಾವಳಿಯಲ್ಲಿ ಮೊತ್ತಸಹಿತ ದಾಖಲಿಸಿ, ಸಂಘದ ಖಾತೆಗೆ ವರ್ಗಾಯಿಸಿ ರಸೀದಿ ಕೊಡಿ. ಇದು ಆ ಗೆಳೆಯರ ಮೇಲಿನ ಅನುಮಾನವಲ್ಲ, ಅವರಿಗೆ ನೀವು ಕೊಡುವ ರಕ್ಷಣೆ.

ಪ್ರಶ್ನೆ: ನಮ್ಮ ಸಂಘದಲ್ಲಿ ನೂರ ನಲವತ್ತು ಆಜೀವ ಸದಸ್ಯರಿದ್ದಾರೆ. ಬೈಲಾದ ಪ್ರಕಾರ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಮೂರನೇ ಒಂದು ಭಾಗ. ಸಭೆಗೆ ಬರುವವರು ಇಪ್ಪತ್ತು ಜನ. ಎರಡು ವರ್ಷದಿಂದ ಮಹಾಸಭೆಯೇ ಆಗಿಲ್ಲ. ಏನು ಮಾಡುವುದು?
— ಕಾರ್ಯದರ್ಶಿ, ಶಿವಮೊಗ್ಗ ಜಿಲ್ಲೆ

ಉತ್ತರ: ಇದು ಆಜೀವ ಸದಸ್ಯತ್ವವೆಂಬ ಸಿಹಿಯ ಕಹಿ. ಆರಂಭದಲ್ಲಿ ಹಣ ಬೇಕೆಂದು ಒಂದೇ ಬಾರಿಗೆ ಶುಲ್ಕ ಪಡೆದು ಎಲ್ಲರನ್ನೂ ಆಜೀವ ಸದಸ್ಯರನ್ನಾಗಿ ಮಾಡಿಕೊಂಡಿರಿ. ಅವರಲ್ಲಿ ಅರ್ಧದಷ್ಟು ಜನ ವರ್ಗಾವಣೆಯಾಗಿ, ಓದು ಮುಗಿಸಿ, ಮದುವೆಯಾಗಿ ಬೇರೆ ಊರು ಸೇರಿದರು. ಆದರೆ ಪಟ್ಟಿಯಲ್ಲಿ ಇನ್ನೂ ಇದ್ದಾರೆ, ಕೋರಂ ಲೆಕ್ಕಕ್ಕೂ ಇದ್ದಾರೆ. ಮೂರನೇ ಒಂದು ಎಂದರೆ ನಿಮಗೆ ನಲವತ್ತೇಳು ಜನ ಬೇಕು. ಗುಡವಿ ಪಕ್ಷಿಧಾಮದಲ್ಲಿ ಮಳೆಗಾಲದ ಗೂಡುಕಟ್ಟುವ ಸಂಭ್ರಮ ನೋಡಲು ಅಷ್ಟು ಜನ ಸೇರಿಯಾರು, ಲೆಕ್ಕಪತ್ರ ಕೇಳಲು ಸೇರುವುದಿಲ್ಲ.

ಬೈಲಾದಲ್ಲಿ ಮುಂದೂಡಿದ ಸಭೆಯ ಬಗ್ಗೆ ಏನಾದರೂ ಇದೆಯೇ ಎಂದು ಮೊದಲು ನೋಡಿ. ಕೋರಂ ಇಲ್ಲದೆ ಮುಂದೂಡಿದ ಸಭೆ ಮತ್ತೆ ಸೇರಿದಾಗ ಹಾಜರಿದ್ದವರೇ ಕೋರಂ ಎಂಬ ನಿಯಮ ಅನೇಕ ಬೈಲಾಗಳಲ್ಲಿ ಇರುತ್ತದೆ; ಇದ್ದರೆ ಆ ದಾರಿಯಲ್ಲೇ ಈ ಬಾರಿಯ ಸಭೆ ನಡೆಸಿ. ಇಲ್ಲದಿದ್ದರೆ ಒಮ್ಮೆ ಮಾತ್ರ ಶ್ರಮಪಟ್ಟು, ಪ್ರತಿಯೊಬ್ಬರಿಗೂ ಲಿಖಿತ ತಿಳಿವಳಿಕೆ ಕೊಟ್ಟು, ಬೇಕಾದರೆ ಬೆಳಗಿನ ಪಕ್ಷಿ ವೀಕ್ಷಣೆ ಮತ್ತು ಊಟವನ್ನು ಅದೇ ದಿನ ಇಟ್ಟು ನಲವತ್ತೇಳು ಜನರನ್ನು ಸೇರಿಸಿ. ಆ ಸಭೆಯಲ್ಲಿ ತಿದ್ದುಪಡಿಯ ಠರಾವು ಮಾಡಿ: ಕೋರಂ ಐದನೇ ಒಂದು ಭಾಗ ಅಥವಾ ಹದಿನೈದು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅದು, ಕೋರಂ ಆಗದಿದ್ದರೆ ಅರ್ಧ ಗಂಟೆ ಮುಂದೂಡಿ ಅಂದಿನ ಕಾರ್ಯಸೂಚಿಯನ್ನಷ್ಟೇ ನಡೆಸುವುದು, ಆದರೆ ಬೈಲಾ ತಿದ್ದುಪಡಿ ಮತ್ತು ಆಸ್ತಿಯ ವಿಲೇವಾರಿಯನ್ನು ಅಂಥ ಸಭೆಯಲ್ಲಿ ಎತ್ತಿಕೊಳ್ಳಬಾರದು. ತಿದ್ದುಪಡಿಯನ್ನು ನೋಂದಣಾಧಿಕಾರಿಯವರಲ್ಲಿ ದಾಖಲಿಸಿದ ಮೇಲೆಯೇ ಅದನ್ನು ಆಧರಿಸಿ ನಡೆಯಿರಿ. ಮುಂದೆ ಸೇರುವವರಿಗೆ ವಾರ್ಷಿಕ ಸದಸ್ಯತ್ವವನ್ನೇ ಕೊಡುವುದು ಜಾಣತನ. ವರ್ಷಕ್ಕೊಮ್ಮೆ ಇನ್ನೂರು ರೂಪಾಯಿ ಕೊಡಲು ಜೇಬಿಗೆ ಕೈಹಾಕುವವನು ಸಂಘವನ್ನು ಇನ್ನೂ ನೆನಪಿಟ್ಟುಕೊಂಡಿದ್ದಾನೆ ಎಂದರ್ಥ.

ಪ್ರಶ್ನೆ: ನಮ್ಮ ಸದಸ್ಯರೊಬ್ಬರು ಮಂಗಟ್ಟೆ ಹಕ್ಕಿಯ ಗೂಡಿನ ಎದುರು ಮರೆ ಕಟ್ಟಿ, ಅಡ್ಡಬಂದ ಕೊಂಬೆ ಕಡಿದು, ದಿನಗಟ್ಟಲೆ ಫೋಟೋ ತೆಗೆದರು. ಜಾಗವನ್ನು ಹೊರಗಿನ ಛಾಯಾಗ್ರಾಹಕರಿಗೂ ತಿಳಿಸಿದರು. ಸಮಿತಿಯವರು ವಾಟ್ಸ್ಆ್ಯಪ್ ಗುಂಪಿನಿಂದ ತೆಗೆದುಹಾಕಿದರೆ, "ನನ್ನನ್ನು ತೆಗೆಯಲು ಯಾವ ನಿಯಮವಿದೆ ತೋರಿಸಿ" ಎನ್ನುತ್ತಾರೆ. ಬೈಲಾದಲ್ಲಿ ನಿಜಕ್ಕೂ ಏನೂ ಇಲ್ಲ.
— ಸದಸ್ಯೆ, ಉತ್ತರ ಕನ್ನಡ

ಉತ್ತರ: ಅವರು ಕೇಳಿದ ಪ್ರಶ್ನೆ, ಅವರ ನಡತೆ ಎಷ್ಟೇ ಖಂಡನೀಯವಾಗಿದ್ದರೂ, ನ್ಯಾಯವಾದದ್ದು. ವಾಟ್ಸ್ಆ್ಯಪ್ ಗುಂಪಿನಿಂದ ತೆಗೆಯುವುದು ಸದಸ್ಯತ್ವ ರದ್ದತಿಯಲ್ಲ. ಅವರು ಇಂದಿಗೂ ನಿಮ್ಮ ಸಂಘದ ಸದಸ್ಯರೇ, ಮಹಾಸಭೆಯ ತಿಳಿವಳಿಕೆ ಪತ್ರ ಅವರಿಗೂ ಹೋಗಬೇಕು.

ಆದರೂ ನಿಮ್ಮ ಸಿಟ್ಟಿನ ಕಾರಣವನ್ನು ಈ ಅಂಕಣದ ಇತರ ಓದುಗರಿಗೆ ಹೇಳಬೇಕು. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಬಿಟ್ಟು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಒಳಗಿರುವ ತಾಯಿ ಮರಿಗಳಿಗೆ ಹೊರಗಿನ ಗಂಡು ತರುವ ಹಣ್ಣೇ ಆಧಾರ. ಬುಡದಲ್ಲಿ ಜನ ನೆರೆದಿದ್ದರೆ ಗಂಡು ಹತ್ತಿರ ಸುಳಿಯಲು ಹಿಂಜರಿಯುತ್ತದೆ, ಹಸಿವು ಒಳಗಿನವರದ್ದಾಗುತ್ತದೆ. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972 ಬೇಟೆ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ಭಂಗ ತರುವುದೂ ಸೇರಿದೆ. ಕ್ಯಾಮೆರಾ ಹಿಡಿದವರಲ್ಲಿ ಅನೇಕರಿಗೆ ಇದು ಗೊತ್ತಿಲ್ಲ. ಕೊಂಬೆ ಕಡಿದದ್ದು ಮೀಸಲು ಅರಣ್ಯದಲ್ಲಾಗಿದ್ದರೆ ಅದು ಬೇರೆಯೇ ಅಪರಾಧ. ಆ ಭಾಗವನ್ನು ಅರಣ್ಯ ಇಲಾಖೆಗೆ ತಿಳಿಸುವುದು ನಿಮ್ಮ ಬೈಲಾವನ್ನು ಅವಲಂಬಿಸಿಲ್ಲ, ಇಂದೇ ತಿಳಿಸಬಹುದು.

ಸಂಘದ ಒಳಗಿನ ಕ್ರಮಕ್ಕೆ ಮಾತ್ರ ಬೈಲಾ ಬೇಕು. ನನ್ನ ಸಲಹೆಯೆಂದರೆ ನಡವಳಿಕೆಯ ನಿಯಮಗಳನ್ನೆಲ್ಲ ಬೈಲಾದೊಳಗೇ ತುಂಬಬೇಡಿ; ಅದರ ಒಂದು ಅಕ್ಷರ ಬದಲಿಸಬೇಕಾದರೂ ಮಹಾಸಭೆ, ನೋಂದಣಾಧಿಕಾರಿ ಎಂದು ಓಡಾಡಬೇಕಾಗುತ್ತದೆ. ಮಹಾಸಭೆ ಒಪ್ಪಿದ ಕ್ಷೇತ್ರ ನಡವಳಿಕೆಯ ನಿಯಮಗಳಿಗೆ ಪ್ರತಿಯೊಬ್ಬ ಸದಸ್ಯರೂ ಬದ್ಧರು, ಉಲ್ಲಂಘನೆ ಶಿಸ್ತುಕ್ರಮಕ್ಕೆ ಕಾರಣ ಎಂದು ಬೈಲಾದಲ್ಲಿ ಒಂದು ಪರಿಚ್ಛೇದ ಸಾಕು. ನಿಯಮಗಳನ್ನು ಬೇರೆ ಹಾಳೆಯಲ್ಲಿ ಸರಳವಾಗಿ ಬರೆದು ಸದಸ್ಯತ್ವ ಅರ್ಜಿಯ ಹಿಂಬದಿಯಲ್ಲಿ ಮುದ್ರಿಸಿ ಸಹಿ ಪಡೆಯಿರಿ. ಗೂಡಿನ ಹತ್ತಿರ ನಿಲ್ಲಬಾರದು, ಗೂಡಿನ ಸುತ್ತಲಿನ ಎಲೆ ಕೊಂಬೆ ಮುಟ್ಟಬಾರದು, ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಕರೆಯಬಾರದು, ಹುಳುವನ್ನೋ ಇಲಿಯನ್ನೋ ಇಟ್ಟು ಆಮಿಷ ಒಡ್ಡಬಾರದು, ಗೂಡಿನ ಮತ್ತು ಗೂಬೆಗಳ ಹಗಲು ತಂಗುದಾಣದ ನಿಖರ ಸ್ಥಳವನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕಬಾರದು. ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭದಂಥ ಹಕ್ಕಿಗಳ ಜಾಗದಲ್ಲಿ ಕಾಲಿಡುವ ಮುನ್ನ ನೋಡಬೇಕೆಂಬುದನ್ನೂ ಸೇರಿಸಿ. ದೊಡ್ಡ ತಂಡಗಳು ಮಾಡುವ ಹಾನಿ ಹೆಚ್ಚಾಗಿ ಇಂಥದು, ಉದ್ದೇಶಪೂರ್ವಕವಲ್ಲದ್ದು.

ಶಿಸ್ತುಕ್ರಮದ ವಿಧಾನವನ್ನು ಮಾತ್ರ ಬೈಲಾದಲ್ಲಿಯೇ ಬರೆಯಬೇಕು. ಆರೋಪವನ್ನು ಲಿಖಿತವಾಗಿ ತಿಳಿಸುವುದು, ಉತ್ತರಕ್ಕೆ ಹದಿನೈದು ದಿನ ಕೊಡುವುದು, ಅವರು ಬಯಸಿದರೆ ಸಮಿತಿಯ ಮುಂದೆ ಮಾತನಾಡಲು ಅವಕಾಶ ಕೊಡುವುದು, ದೂರು ಕೊಟ್ಟ ಸಮಿತಿ ಸದಸ್ಯರು ಮತ ಹಾಕದಿರುವುದು, ಕಾರಣಸಹಿತ ನಿರ್ಧಾರ, ಅದರ ಮೇಲೆ ಮಹಾಸಭೆಗೆ ಮೇಲ್ಮನವಿ. ಎಚ್ಚರಿಕೆ, ಒಂದು ಋತುವಿನ ಅಮಾನತು, ಸದಸ್ಯತ್ವ ರದ್ದತಿ ಎಂದು ಮೂರು ಮೆಟ್ಟಿಲುಗಳಿರಲಿ. ಹೊಸ ನಿಯಮವನ್ನು ಹಳೆಯ ಘಟನೆಗೆ ಅನ್ವಯಿಸಬೇಡಿ. ಈ ಸದಸ್ಯರ ವಿಷಯವನ್ನು ಮುಂದಿನ ಮಹಾಸಭೆಯಲ್ಲಿ ಅವರ ಸಮ್ಮುಖದಲ್ಲಿ ಚರ್ಚಿಸಿ. ಹೊಸ ನಿಯಮಕ್ಕೆ ಸಹಿ ಹಾಕಲು ಅವರು ಒಪ್ಪಿದರೆ ನೀವು ಒಬ್ಬ ಸದಸ್ಯನನ್ನು ಉಳಿಸಿಕೊಂಡಿರಿ, ಒಪ್ಪದಿದ್ದರೆ ಅವರೇ ದಾರಿ ಹುಡುಕಿಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ಅಧ್ಯಕ್ಷರು ಪಕ್ಷಿ ಪ್ರವಾಸಗಳನ್ನು ಏರ್ಪಡಿಸುವ ವ್ಯವಹಾರ ನಡೆಸುತ್ತಾರೆ. ಸಂಘದ ಪ್ರವಾಸಗಳಿಗೂ ಅವರದೇ ವಾಹನ, ಅವರದೇ ವಸತಿ. ದರ ಕಡಿಮೆಯೇ ಇದೆ. ಆದರೂ ಕೆಲವರು ಗೊಣಗುತ್ತಾರೆ.
— ಸಮಿತಿ ಸದಸ್ಯರು, ಮೈಸೂರು

ಉತ್ತರ: ದರ ಕಡಿಮೆಯಿದೆ ಎಂದು ತೀರ್ಮಾನಿಸಿದವರು ಯಾರು ಎಂಬುದೇ ಇಲ್ಲಿನ ಪ್ರಶ್ನೆ. ಅಧ್ಯಕ್ಷರೂ ಕುಳಿತಿದ್ದ ಸಭೆ ತೀರ್ಮಾನಿಸಿದ್ದರೆ ದರ ಎಷ್ಟೇ ಕಡಿಮೆಯಿದ್ದರೂ ಗೊಣಗಾಟ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಸಮಿತಿಯ ಯಾವುದೇ ಸದಸ್ಯರಿಗೆ ಅಥವಾ ಅವರ ಕುಟುಂಬದವರಿಗೆ ಹಣದ ಸಂಬಂಧವಿರುವ ವಿಷಯ ಬಂದಾಗ ಅವರು ಅದನ್ನು ಮೊದಲೇ ಹೇಳಿ, ಚರ್ಚೆಯಿಂದ ಎದ್ದುಹೋಗಿ, ಮತ ಹಾಕದಿರಬೇಕು, ಹಾಗೆ ಎದ್ದುಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು ಎಂಬ ನಿಯಮವನ್ನು ಬೈಲಾಕ್ಕೆ ಸೇರಿಸಿ. ಜೊತೆಗೆ ಬೇರೆ ಇಬ್ಬರಿಂದ ದರಪಟ್ಟಿ ತರಿಸಿ. ಧರ್ಮಾರ್ಥ ಸಂಸ್ಥೆಯೆಂದು ತೆರಿಗೆ ವಿನಾಯಿತಿ ಪಡೆದಿದ್ದರೆ ಈ ಎಚ್ಚರ ಇನ್ನೂ ಮುಖ್ಯ. ಪದಾಧಿಕಾರಿಗಳಿಗೆ ಸಂಸ್ಥೆಯ ಹಣದಿಂದ ಅನುಚಿತ ಲಾಭವಾದರೆ ಆ ವಿನಾಯಿತಿಗೇ ಕುತ್ತು ಬರುತ್ತದೆ. ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಒಟ್ಟಾಗಿ ಕೇಳಿದರೆ ನೋಂದಣಾಧಿಕಾರಿಯವರು ಸಂಘದ ವ್ಯವಹಾರದ ವಿಚಾರಣೆ ನಡೆಸಲು ಕಾನೂನಿನಲ್ಲಿ ಅವಕಾಶವಿದೆ ಎಂಬುದನ್ನು ನಿಮ್ಮ ಅಧ್ಯಕ್ಷರಿಗೆ ವಿನಯದಿಂದ ನೆನಪಿಸಬಹುದು.

ಪ್ರಶ್ನೆ: ಅಮೆರಿಕದಲ್ಲಿರುವ ಊರಿನ ಇಬ್ಬರು ನಮ್ಮ ಸಂಘಕ್ಕೆ ಹಣವನ್ನೂ ನಾಲ್ಕು ದುರ್ಬೀನುಗಳನ್ನೂ ಕೊಡುತ್ತೇವೆ ಎನ್ನುತ್ತಿದ್ದಾರೆ. ಪಡೆಯಬಹುದೇ?
— ಖಜಾಂಚಿ, ತುಮಕೂರು

ಉತ್ತರ: ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇನ್ನೂ ಇದ್ದರೆ, ಎಲ್ಲಿ ನೆಲೆಸಿದ್ದರೂ, ಅವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ದೇಣಿಗೆ ವಿದೇಶಿ ವಂತಿಗೆಯೆನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಸಾಗರೋತ್ತರ ಭಾರತೀಯರ ಕಾರ್ಡ್ ಕೈಯಲ್ಲಿದ್ದರೂ, ಕಾನೂನಿನ ಕಣ್ಣಿಗೆ ಅವರು ವಿದೇಶಿ ಮೂಲ. ವಿದೇಶಿ ವಂತಿಗೆ ನಿಯಂತ್ರಣ ಅಧಿನಿಯಮ, 2010ರ ಅಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಸಂಘ ಅವರಿಂದ ಹಣ ಪಡೆಯುವಂತಿಲ್ಲ. ಸಂಘಕ್ಕೆ ಕೊಡುವ ವಸ್ತುವೂ ವಂತಿಗೆಯೇ ಆದ್ದರಿಂದ ದುರ್ಬೀನಿಗೂ ಇದೇ ಮಾತು.

ಪ್ರಶ್ನೆ: ನನಗೆ ಹದಿನಾರು ವರ್ಷ. ನೋಡಿದ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಮುನ್ನೂರಕ್ಕೂ ಹೆಚ್ಚು ಪಟ್ಟಿ ಹಾಕಿದ್ದೇನೆ. ನಮ್ಮೂರ ಸಂಘದವರು ಸದಸ್ಯತ್ವ ಕೊಡುವುದಿಲ್ಲ ಎನ್ನುತ್ತಾರೆ.
— ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಮತ ಹಾಕುವ ಸದಸ್ಯತ್ವಕ್ಕೆ ಹದಿನೆಂಟು ತುಂಬಬೇಕೆಂದು ಅವರು ಹೇಳಿದರೆ ಅದು ಸರಿ. ಆದರೆ ಮತಾಧಿಕಾರವಿಲ್ಲದ ಕಿರಿಯ ಸದಸ್ಯತ್ವಕ್ಕೆ ಅಡ್ಡಿಯೇನಿಲ್ಲ, ಬೈಲಾದಲ್ಲಿ ಅದಕ್ಕೊಂದು ವರ್ಗವನ್ನು ಸೇರಿಸಬೇಕಷ್ಟೇ. ಅಂಥ ಸಂಘ ಪೋಷಕರ ಲಿಖಿತ ಒಪ್ಪಿಗೆ ಪಡೆಯಬೇಕು, ಮಕ್ಕಳಿರುವ ಪ್ರತಿ ಹೊರಸಂಚಾರದಲ್ಲಿ ಕನಿಷ್ಠ ಇಬ್ಬರು ಹಿರಿಯರಿರಬೇಕು, ಅವರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಒಬ್ಬ ಹಿರಿಯ ಒಂದು ಮಗುವನ್ನು ಒಂಟಿಯಾಗಿ ಕರೆದೊಯ್ಯುವುದನ್ನು ನಿಯಮವೇ ತಡೆಯಬೇಕು. ಈ ಉತ್ತರವನ್ನು ನಿಮ್ಮ ಸಂಘದ ಕಾರ್ಯದರ್ಶಿಯವರಿಗೆ ತೋರಿಸಿ. ಮುನ್ನೂರು ಪಟ್ಟಿ ಹಾಕಿದವರನ್ನು ಹೊರಗಿಡುವ ಸಂಘ ತನ್ನ ಉದ್ದೇಶವನ್ನು ಇನ್ನೊಮ್ಮೆ ಓದಿಕೊಳ್ಳಬೇಕು.

ಪ್ರಶ್ನೆ: ಹಿಂದಿನ ಕಾರ್ಯದರ್ಶಿಯವರು ಮುನಿಸಿಕೊಂಡು ಹೋದರು. ಇಪ್ಪತ್ತು ವರ್ಷದ ಗಣತಿ ಪುಸ್ತಕಗಳು, ಸಂಘದ ಇ-ಬರ್ಡ್ ಖಾತೆಯ ಪಾಸ್‌ವರ್ಡ್, ಟೆಲಿಸ್ಕೋಪ್ ಎಲ್ಲವೂ ಅವರ ಬಳಿಯೇ ಉಳಿದಿವೆ. "ಎಣಿಸಿದ್ದು ನಾನು, ದಾಖಲೆ ನನ್ನದು" ಎನ್ನುತ್ತಾರೆ.
— ಹೊಸ ಕಾರ್ಯದರ್ಶಿ, ಹಾಸನ ಜಿಲ್ಲೆ

ಉತ್ತರ: ಟೆಲಿಸ್ಕೋಪಿನ ವಿಷಯ ಸುಲಭ. ಸಂಘದ ಹೆಸರಿನ ಬಿಲ್ಲು ಮತ್ತು ದಾಸ್ತಾನು ಪುಸ್ತಕದ ನಮೂದು ಇದ್ದರೆ ಅದು ಸಂಘದ್ದು. ಸಮಿತಿಯ ಠರಾವಿನೊಂದಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆದು ಕೇಳಿ. ದಾಖಲೆಯ ಮಾತು ಅಷ್ಟು ಸುಲಭವಲ್ಲ, ಮತ್ತು ಅವರ ವಾದದಲ್ಲಿ ಸ್ವಲ್ಪ ನಿಜವೂ ಇದೆ. ತಮ್ಮ ಸ್ವಂತ ಖಾತೆಯಲ್ಲಿ, ತಮ್ಮ ಸ್ವಂತ ಟಿಪ್ಪಣಿ ಪುಸ್ತಕದಲ್ಲಿ ಅವರು ಬರೆದುಕೊಂಡದ್ದು ಅವರದೇ. ಸಂಘದ ಹೆಸರಿನಲ್ಲಿ, ಸಂಘ ಏರ್ಪಡಿಸಿದ ಗಣತಿಯಲ್ಲಿ, ಹತ್ತಾರು ಜನ ಎಣಿಸಿದ್ದನ್ನು ಕಾರ್ಯದರ್ಶಿಯಾಗಿ ಅವರು ಕ್ರೋಡೀಕರಿಸಿದ ಪುಸ್ತಕಗಳು ಸಂಘದವು. ಈ ಗೆರೆಯನ್ನು ಬೈಲಾದಲ್ಲಿ ಎಳೆದಿಡದ್ದರಿಂದಲೇ ಜಗಳ ಬಂದದ್ದು.

ಮೂಲ ಪುಸ್ತಕಗಳಿಗಾಗಿ ಹಟ ಹಿಡಿದು ಇನ್ನೊಂದು ವರ್ಷ ಕಳೆಯುವ ಬದಲು, ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಅವರ ಮನೆಗೇ ಹೋಗಿ, ಪ್ರತಿ ಪುಟದ ಫೋಟೋ ತೆಗೆದುಕೊಳ್ಳಲು ಅನುಮತಿ ಕೇಳಿ. ಇಪ್ಪತ್ತು ವರ್ಷ ಜನವರಿಯ ಚಳಿಯಲ್ಲಿ ಕೆರೆ ಏರಿಯ ಮೇಲೆ ನಿಂತವರು ಅಷ್ಟಕ್ಕೆ ಇಲ್ಲವೆನ್ನಲಾರರು. ಹಾಗೆ ಪಡೆದದ್ದರಲ್ಲಿ ಎಣಿಕೆಗೆ ಬಂದವರ ಹೆಸರುಗಳನ್ನು, ಮುಖ್ಯವಾಗಿ ಅವರ ಹೆಸರನ್ನು, ಉಳಿಸಿಕೊಂಡೇ ಪ್ರಕಟಿಸಿ. ಅದಾದ ಮೇಲೆ ಬೈಲಾಕ್ಕೆ ಒಂದು ಪರಿಚ್ಛೇದ ಸೇರಿಸಿ: ಸಂಘದ ಚಟುವಟಿಕೆಯಲ್ಲಿ ಸಂಗ್ರಹವಾದ ದಾಖಲೆಗಳು ಸಂಘದ ಸ್ವತ್ತು, ಭಾಗವಹಿಸಿದವರೆಲ್ಲರಿಗೂ ಅದರ ಪ್ರತಿ ಪಡೆಯುವ ಹಕ್ಕಿದೆ, ಸಂಘದ ಹೆಸರಿನ ಎಲ್ಲ ಖಾತೆಗಳ ಪಾಸ್‌ವರ್ಡ್ ಕನಿಷ್ಠ ಇಬ್ಬರು ಪದಾಧಿಕಾರಿಗಳ ಬಳಿ ಇರತಕ್ಕದ್ದು, ಹುದ್ದೆ ಬಿಟ್ಟವರು ಹದಿನೈದು ದಿನಗಳೊಳಗೆ ಪುಸ್ತಕ, ಉಪಕರಣ, ಪಾಸ್‌ವರ್ಡ್‌ಗಳನ್ನು ಪಟ್ಟಿ ಮಾಡಿ ಒಪ್ಪಿಸತಕ್ಕದ್ದು, ಪಡೆದವರು ಆ ಪಟ್ಟಿಗೆ ಸಹಿ ಮಾಡತಕ್ಕದ್ದು. ಟೆಲಿಸ್ಕೋಪಿನ ಜೊತೆಗೆ ಅದರ ಮುಕ್ಕಾಲಿ ಸ್ಟ್ಯಾಂಡನ್ನೂ ಪಟ್ಟಿಯಲ್ಲಿ ಬರೆಯಲು ಮರೆಯಬೇಡಿ. ಎಷ್ಟೋ ಸಂಘಗಳಲ್ಲಿ ಕಾಣೆಯಾಗುವುದು ಅದೇ.